ಮುಂಡಗೋಡಿನ ಅತಿಥಿಗಳು

ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಆ ಕಾಲದ ಶಾಸನಗಳಲ್ಲಿ ದೇವರ ಪೂಜೆಗೆ ಮಾತ್ರವಲ್ಲದೆ ತಪೋಧನರ ಆಹಾರದಾನಕ್ಕೂ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಬಂದವರಿಗೆ ಆಶ್ರಯ ನಿಲ್ಲುವುದು ನೆಲದಿಂದಲೇ ಎಂಬುದನ್ನು ಹಿರಿಯರು ಬಲ್ಲವರಾಗಿದ್ದರು.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಸಾವಿರಾರು ಟಿಬೆಟಿಯನ್ನರು ಹಿಮಾಲಯ ದಾಟಿ ಬಂದರು. ಅಂದಿನ ಮೈಸೂರು ರಾಜ್ಯವು ಅವರಿಗೆ ಮೊದಲು ಬೈಲುಕುಪ್ಪೆಯಲ್ಲಿ, 1966ರಲ್ಲಿ ನಮ್ಮ ಹಾನಗಲ್ಲಿನ ನೆರೆಯ ಮುಂಡಗೋಡಿನಲ್ಲಿ ನೆಲ ಒದಗಿಸಿತು. ಅಲ್ಲಿಯದು ಸುಮಾರು 4,000 ಎಕರೆ. ಕಾಡು ಸವರಿ ಅವರು ಗೋವಿನಜೋಳ ಬೆಳೆದರು.

ಆದರೆ ನಿರಾಶ್ರಿತರಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾನೂನಿಲ್ಲ. ಇಲ್ಲಿಯೇ ಹುಟ್ಟಿದ ಅನೇಕರು ಇಂದಿಗೂ ವಿದೇಶಿಯರ ನೋಂದಣಿ ಪತ್ರವನ್ನೇ ಹಿಡಿದು ಬಾಳುತ್ತಿದ್ದಾರೆ.

ಪತ್ರ ಕೊಡುವುದು ನಮ್ಮ ಕೈಯಲ್ಲಿಲ್ಲ. ಬೇಸಿಗೆಯ ರಜೆಯಲ್ಲಿ ನಮ್ಮ ತರುಣರು ಅಲ್ಲಿಗೆ ಹೋಗಿ ಮಕ್ಕಳಿಗೆ ಕನ್ನಡ ಕಲಿಸಬಹುದಷ್ಟೆ? ನೆಲ ಕೊಟ್ಟ ನಾಡು ನುಡಿಯನ್ನೂ ಕೊಟ್ಟರೆ ದಾನ ಪೂರ್ಣವಾದೀತು.