ಸುಟ್ಟು ಮುಗಿದದ್ದು ಮತ್ತೆ ಸುಡದು: ಬೆಂಕಿಗೆ ಅಂಜದ ಗೋಡೆಯ ಕಥೆ

ಇತಿಹಾಸದ ಪಠ್ಯಪುಸ್ತಕಗಳು ಎಷ್ಟು ಸಲ ಬದಲಾದರೂ ಮೊದಲ ಅಧ್ಯಾಯ ಮಾತ್ರ ಬಹುಮಟ್ಟಿಗೆ ಒಂದೇ ಆಗಿರುತ್ತಿತ್ತು. ಆದಿಮಾನವನು ಬೆಂಕಿಯನ್ನು ವಶಮಾಡಿಕೊಂಡ ಸಂಗತಿಯನ್ನು ನಿಮ್ಮಲ್ಲಿ ಅನೇಕರು ನನ್ನ ಬಾಯಿಂದಲೇ ಕೇಳಿದ್ದೀರಿ. ಆದರೆ ಹಾಗೆ ಒಳಗೆ ಕರೆತಂದ ಬೆಂಕಿಯಿಂದ ತನ್ನ ಮನೆಯನ್ನು ಉಳಿಸಿಕೊಳ್ಳಲು ಮನುಷ್ಯನು ಪಟ್ಟ ಪಾಡನ್ನು ಹೇಳುವ ಅಧ್ಯಾಯವನ್ನು ನಾನು ಪಾಠ ಹೇಳಿದ ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲ. ಆ ಅಧ್ಯಾಯವನ್ನು ಇಂದು ಬರೆಯಲು ಕಾರಣನಾದವನು ಹುಬ್ಬಳ್ಳಿಯಲ್ಲಿ ಅಂಗಡಿ, ಕಚೇರಿಗಳ ಒಳಾಂಗಣದ ಕೆಲಸ ಮಾಡಿಸುವ ನನ್ನೊಬ್ಬ ಹಳೆಯ ವಿದ್ಯಾರ್ಥಿ. ಎಂಜಿಒ ಬೋರ್ಡ್ ಎಂದು ಮಾರುವ ಬಿಳಿಯ ಹಲಗೆಯೊಂದರ ತುಂಡನ್ನು ತಂದು ತೋರಿಸಿ, "ಸರ, ಈ ಹಲಗಿ ಬೆಂಕಿಗೆ ಸುಡೂದಿಲ್ಲ ಅಂತಾರ. ಖರೇ ಏನ್ರಿ?" ಎಂದು ಕೇಳಿದ. ಈ ಪ್ರಶ್ನೆಗೆ 'ಹೌದು' ಎಂಬ ಉತ್ತರ ಸುಲಭ. ಆದರೆ ಆ 'ಹೌದು' ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಇತಿಹಾಸಕ್ಕೇ ಹೋಗಬೇಕು.

ನಮ್ಮ ಧಾರವಾಡ ಸೀಮೆಯ ಹಳೆಯ ಮನೆಗಳಿಂದಲೇ ಆರಂಭಿಸೋಣ. ದಪ್ಪನೆಯ ಮಣ್ಣಿನ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಮೊಳದುದ್ದ ಮಣ್ಣು ಹೇರಿದ ಮಾಳಿಗೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ತುಳಿಯುವುದು ವರ್ಷವರ್ಷದ ಕೆಲಸವಾಗಿತ್ತು. ಬೇಸಗೆಯ ತಂಪಿಗಾಗಿ ಈ ಮಾಳಿಗೆ ಎಂದು ನಾವು ತಿಳಿದಿದ್ದೇವೆ. ಅದು ನಿಜವೇ, ಆದರೆ ಪಕ್ಕದ ಗುಡಿಸಲಿನಿಂದಲೋ ಹಿತ್ತಲಿನ ಬಣವಿಯಿಂದಲೋ ಹಾರಿಬಂದ ಕಿಡಿ ಹುಲ್ಲಿನ ಸೂರಿನ ಮೇಲೆ ಬಿದ್ದರೆ ಕೇರಿಯೇ ಉರಿಯುತ್ತಿತ್ತು, ಮಣ್ಣಿನ ಮಾಳಿಗೆಯ ಮೇಲೆ ಬಿದ್ದರೆ ಅಲ್ಲೇ ನಂದುತ್ತಿತ್ತು. "ಮಣ್ಣ ಮನಿಗೆ ಬೆಂಕಿ ಅಂಜಿಕಿ ಇಲ್ಲೋ ತಮ್ಮಾ" ಎಂದು ನಮ್ಮ ಆಯಿ ಹೇಳುತ್ತಿದ್ದುದು ಅನುಭವದ ಮಾತು. ಆದರೂ ಮಣ್ಣಿನ ಕೆಳಗಿದ್ದ ತೊಲೆ, ಜಂತಿಗಳು ಕಟ್ಟಿಗೆಯವೇ. ಬೆಂಕಿ ಒಳಗಿನಿಂದ ಹೊತ್ತಿದರೆ, ಜಂತಿ ಸುಟ್ಟು, ಮೇಲಿನ ಮಣ್ಣಿನ ಭಾರವೆಲ್ಲ ಒಳಗಿದ್ದವರ ಮೇಲೆಯೇ ಕುಸಿಯುತ್ತಿತ್ತು.

ಎರಡನೆಯ ಹೆಜ್ಜೆ ಕರಾವಳಿಯಿಂದ ಬಂದಿತು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದ ಬಾಸೆಲ್ ಮಿಷನ್ನಿನವರೇ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಇದಕ್ಕೆ ಕಾರಣಪುರುಷ. ನೇತ್ರಾವತಿ ದಂಡೆಯ ಜೇಡಿಮಣ್ಣು ಆವಿಗೆಯಲ್ಲಿ ಬೆಂದು ಕೆಂಪು ಹಂಚಾಗಿ ಘಟ್ಟ ಹತ್ತಿ ನಮ್ಮ ಕಡೆಗೂ ಬಂದಿತು. ಇಲ್ಲಿ ಒಂದು ಸೂತ್ರವನ್ನು ಗಮನಿಸಿರಿ. ಇಟ್ಟಿಗೆ, ಹಂಚು, ಗಡಿಗೆ ಇವೆಲ್ಲ ಒಮ್ಮೆ ಬೆಂಕಿಯನ್ನು ಹಾದು ಬಂದವು. ಬೆಂಕಿಯನ್ನು ಹಾದು ಬಂದದ್ದು ಬೆಂಕಿಗೆ ಅಂಜುವುದಿಲ್ಲ.

ಈ ಪಾಠವನ್ನು ಕನ್ನಡನಾಡು ಅತ್ಯಂತ ಕಠೋರವಾಗಿ ಕಲಿತದ್ದು ಮೈಸೂರಿನಲ್ಲಿ. ಟೀಪುವಿನ ಪತನದ ನಂತರ ಕಟ್ಟಿ 1803ರಲ್ಲಿ ಮುಗಿಸಿದ ಒಡೆಯರ ಅರಮನೆಯಲ್ಲಿ ಮರದ ಕೆಲಸವೇ ಪ್ರಧಾನವಾಗಿತ್ತು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಬೆಂಕಿ ಹತ್ತಿ ಆ ಅರಮನೆ ನಾಶವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು; ರಾಜಪ್ರತಿನಿಧಿಯಾಗಿದ್ದವರು ತಾಯಿ ವಾಣೀವಿಲಾಸ ಸನ್ನಿಧಾನದವರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ನರ ನಕ್ಷೆಯಂತೆ ಹೊಸ ಅರಮನೆಯ ಕೆಲಸ ಆರಂಭವಾಗಿ 1912ರಲ್ಲಿ ಮುಗಿಯಿತು. ತಗುಲಿದ ವೆಚ್ಚ 41,47,913 ರೂಪಾಯಿ. ಈ ಸಲ ಅರಮನೆಯ ಮೈಯನ್ನು ಹೊತ್ತದ್ದು ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಬಂದವು. ಶಾಲೆಯ ಪ್ರವಾಸದಲ್ಲಿ ಆ ಕಂಬಗಳ ಕೆಳಗೆ ನಿಂತು ನವಿಲಿನ ಚಿತ್ರದ ಬಣ್ಣದ ಗಾಜನ್ನು ನೋಡಿದವರೆಲ್ಲ, ಅವುಗಳ ಹಿಂದೆ ಒಂದು ಬೆಂಕಿಯ ನೆನಪಿದೆ ಎಂಬುದನ್ನು ಇನ್ನು ಮುಂದೆ ಮರೆಯಬೇಡಿರಿ.

ಹಾಗಾದರೆ ಕಬ್ಬಿಣ ಬಂದ ಮೇಲೆ ಭಯ ತೀರಿತೇ? ತೀರಲಿಲ್ಲ. ಕಬ್ಬಿಣ ಸುಡುವುದಿಲ್ಲ, ಆದರೆ ಮೆತ್ತಗಾಗುತ್ತದೆ. ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಕಟ್ಟಡಕ್ಕೆ ಬಳಸುವ ಉಕ್ಕು ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ. ಸಾಮಾನ್ಯ ಕೋಣೆಯೊಂದು ಪೂರ್ತಿ ಉರಿಯುವಾಗ ಶಾಖ ಅದನ್ನೂ ಮೀರುತ್ತದೆ. ಆದ್ದರಿಂದ ಕಬ್ಬಿಣಕ್ಕೂ ಒಂದು ಹೊದಿಕೆ ಬೇಕಾಯಿತು. ನನ್ನ ವಿದ್ಯಾರ್ಥಿ ತಂದ ಬಿಳಿಯ ಹಲಗೆಯ ಪ್ರವೇಶ ಇಲ್ಲಿ.

ವಿಜ್ಞಾನದ ಮಾಸ್ತರರು ರಜೆಯಲ್ಲಿದ್ದಾಗ ನಾನೇ ಅವರ ತರಗತಿಗೆ ಹೋಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮ್ಯಾಗ್ನೀಷಿಯಂ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಹೊತ್ತಿಸಿದರೆ ಕಣ್ಣು ಕೋರೈಸುವ ಬೆಳಕು ಬರುತ್ತಿತ್ತು. ಕೊನೆಗೆ ಉಳಿಯುತ್ತಿದ್ದುದು ವಿಭೂತಿಯಂಥ ಬಿಳಿಯ ಬೂದಿ. ಆ ಬೂದಿಯೇ ಮ್ಯಾಗ್ನೀಷಿಯಂ ಆಕ್ಸೈಡ್. ಅದನ್ನು ಮತ್ತೆ ಸುಡಲು ಯಾರಿಂದಲೂ ಆಗದು, ಏಕೆಂದರೆ ಅದು ಆಗಲೇ ಸುಟ್ಟು ಮುಗಿದದ್ದು. ಅದು ಕರಗಬೇಕಾದರೆ ಸುಮಾರು 2,800 ಡಿಗ್ರಿ ಶಾಖ ಬೇಕು. ಉಕ್ಕಿನ ಕುಲುಮೆಗಳ ಒಳಮೈಗೆ ಇದರ ಇಟ್ಟಿಗೆಗಳನ್ನು ಕಟ್ಟುವುದು ಇದೇ ಕಾರಣಕ್ಕೆ.

ಈ ವಸ್ತು ನಮ್ಮ ನೆಲದಲ್ಲಿಯೇ ಇದೆ. ಮೈಸೂರು ಜಿಲ್ಲೆಯ ದೊಡ್ಡಕಾನ್ಯ, ಕಾರ್ಯ, ತಳೂರು ಭಾಗಗಳ ಕಪ್ಪು ಬಂಡೆಗಳ ನಡುವೆ ಬಿಳಿಯ ಎಳೆಗಳಾಗಿ ಹರಡಿರುವ ಮ್ಯಾಗ್ನಸೈಟ್ ಅದಿರೇ ಇದರ ಮೂಲ. ತಮಿಳುನಾಡಿನ ಸೇಲಂ ಬಳಿಯ ಇಂಥದೇ ಗುಡ್ಡಗಳಿಗೆ ಬ್ರಿಟಿಷರು ಸೀಮೆಸುಣ್ಣದ ಬೆಟ್ಟಗಳೆಂದು ಹೆಸರಿಟ್ಟರು. ಅಲ್ಲಿರುವುದು ಸೀಮೆಸುಣ್ಣವಲ್ಲ, ಮ್ಯಾಗ್ನಸೈಟ್. ಅರಮನೆಯೊಂದು ಬೂದಿಯಾದ ಊರಿನ ಸಮೀಪದಲ್ಲಿಯೇ ಬೆಂಕಿಗೆ ಬಗ್ಗದ ಅದಿರು ಮಲಗಿತ್ತೆಂಬುದು ಚರಿತ್ರೆಯ ಸೋಜಿಗ.

ಈ ಅದಿರನ್ನು ಹದವಾಗಿ ಸುಟ್ಟರೆ ಸಿಗುವ ಪುಡಿಯನ್ನು ಮ್ಯಾಗ್ನೀಷಿಯಂ ಕ್ಲೋರೈಡ್ ಎಂಬ ಲವಣದ ನೀರಿನಲ್ಲಿ ಕಲಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದು 1867ರಲ್ಲಿ ಪ್ರಕಟಿಸಿದವನು ಸ್ಟಾನಿಸ್ಲಾಸ್ ಸೊರೆಲ್ ಎಂಬ ಫ್ರೆಂಚ್ ಶೋಧಕ. ಇಂದಿಗೂ ಅದಕ್ಕೆ ಸೊರೆಲ್ ಸಿಮೆಂಟ್ ಎಂದೇ ಹೆಸರು. ಆ ಲವಣ ಸಿಗುವುದು ಉಪ್ಪು ತೆಗೆದ ಮೇಲೆ ಗದ್ದೆಯಲ್ಲಿ ಉಳಿಯುವ ಕಹಿನೀರಿನಿಂದ; ಗುಜರಾತಿನ ಖಾರಾಘೋಡಾ ಇದಕ್ಕೆ ಹೆಸರಾದ ಊರು. ಈ ಸಿಮೆಂಟಿನ ಒಳಗೆ ಗಾಜಿನ ನೂಲಿನ ಜಾಲರಿ ಇಟ್ಟು ಹಾಳೆಯಂತೆ ಎರೆದರೆ ಎಂಜಿಒ ಬೋರ್ಡ್ ಸಿದ್ಧ. ಚೀನಾದ ಮಹಾಗೋಡೆಯಲ್ಲಿಯೂ ಇದೇ ವಸ್ತುವಿದೆ ಎಂದು ಕೆಲವು ಮಾರಾಟಗಾರರು ಹೇಳುವುದುಂಟು. ನಂಬಬೇಡಿರಿ. ಮಿಂಗ್ ದೊರೆಗಳ ಕಾಲದಲ್ಲಿ ಆ ಗೋಡೆಗೆ ಬಳಸಿದ್ದು ಸುಣ್ಣ ಮತ್ತು ಅಂಟಕ್ಕಿಯ ಗಂಜಿ ಕಲಸಿದ ಗಾರೆ. ಸೊರೆಲ್ ಹುಟ್ಟಿದ್ದು ಅದಾಗಿ ಬಹುಕಾಲದ ನಂತರ.

ಈ ಹಲಗೆ ಬೆಂಕಿಯನ್ನು ತಡೆಯುವ ಬಗೆ ಸರಳವಾಗಿದೆ. ಗಟ್ಟಿಯಾದ ಸಿಮೆಂಟಿನ ಹರಳುಗಳೊಳಗೆ ನೀರು ಬಂಧಿಯಾಗಿರುತ್ತದೆ. ಒಂದು ಬದಿಯಲ್ಲಿ ಉರಿ ತಾಗಿದಾಗ ಆ ನೀರು ಆವಿಯಾಗಿ ಹೊರಡುತ್ತ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ನೀರು ಮುಗಿಯುವವರೆಗೆ ಇನ್ನೊಂದು ಬದಿ ಬೇಗ ಕಾಯುವುದಿಲ್ಲ. ಮುಗಿದ ಮೇಲೆ ಹಲಗೆ ತನ್ನ ಬಲವನ್ನು ಕಳೆದುಕೊಂಡು ಪುಡಿಯಾಗತೊಡಗುತ್ತದೆ. ಅಂದರೆ ಹಲಗೆ ನಮಗೆ ಕೊಡುವುದು ಒಂದಿಷ್ಟು ಹೊತ್ತು ಮಾತ್ರ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ಪ್ರಮಾಣಪತ್ರದಲ್ಲಿ ಬರೆಯುವುದು ಈ ಹೊತ್ತನ್ನೇ. ಅದೂ ಬರಿಯ ಹಲಗೆಗಲ್ಲ. ಚೌಕಟ್ಟು, ತಿರುಪು, ಸಂದುಗಳ ಸಮೇತ ಪರೀಕ್ಷೆಗೆ ಒಡ್ಡಿದ ಇಡೀ ಗೋಡೆಗೆ.

ಹೊಸ ಮದ್ದು ಬಂದಾಗಲೆಲ್ಲ ಹೊಸ ರೋಗವೂ ಬಂದದ್ದುಂಟು. ನಾವು ಚಿಕ್ಕವರಿದ್ದಾಗ ಬೆಂಕಿಗೆ ಸುಡದ ತಗಡು ಎಂದು ಆಸ್ಬೆಸ್ಟಾಸ್ ಸಿಮೆಂಟ್ ಶೀಟನ್ನು ಹೊಗಳುತ್ತಿದ್ದರು. ಅದು ಸುಡಲಿಲ್ಲ ನಿಜ. ಆದರೆ ಅದರ ನಾರಿನ ಧೂಳು ಪುಪ್ಪುಸದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿ, ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಎಂಜಿಒ ಹಲಗೆಯಲ್ಲಿ ಆ ದೋಷವಿಲ್ಲ, ಆದರೆ ಬೇರೊಂದು ಇದೆ. ಡೆನ್ಮಾರ್ಕಿನಲ್ಲಿ 2010ರ ಸುಮಾರಿನಿಂದ ಸಾವಿರಾರು ಮನೆಗಳ ಹೊರಗೋಡೆಯ ಒಳಪದರಕ್ಕೆ ಈ ಹಲಗೆಗಳನ್ನು ಬಡಿದರು. ಕೆಲವೇ ವರ್ಷಗಳಲ್ಲಿ ಹಲಗೆಗಳು ಅಕ್ಷರಶಃ ಅಳತೊಡಗಿದವು! ಗಾಳಿಯ ತೇವಾಂಶ ಶೇ. 84ನ್ನು ಮೀರಿದಾಗ ಹಲಗೆಯೊಳಗಿನ ಲವಣವು ನೀರನ್ನು ಹೀರಿ ಉಪ್ಪುನೀರಿನ ಹನಿಗಳಾಗಿ ಇಳಿಯುತ್ತಿತ್ತು. ಮೊಳೆ, ತಿರುಪುಗಳು ತುಕ್ಕು ಹಿಡಿದವು, ಕಟ್ಟಿಗೆಗೆ ಬೂಷ್ಟು ಬಂದಿತು. 2015ರ ಹೊತ್ತಿಗೆ ಅಂಥ ಬಳಕೆ ಬೇಡವೆಂಬ ಎಚ್ಚರಿಕೆ ಅಲ್ಲಿ ಹೊರಬಿದ್ದಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಡುವ ವಿಧಾನಕ್ಕೆ 1837ರಲ್ಲಿ ಪೇಟೆಂಟ್ ಪಡೆದವನು ಇದೇ ಸೊರೆಲ್ ಎಂಬುದು ಗಮನಿಸತಕ್ಕ ವಿಪರ್ಯಾಸ. ಇತ್ತೀಚೆಗೆ ಕ್ಲೋರೈಡಿನ ಬದಲು ಸಲ್ಫೇಟ್ ಬಳಸಿದ ಹಲಗೆಗಳು ಬಂದಿವೆ; ಅವುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಆಷಾಢ ಶ್ರಾವಣದಲ್ಲಿ ನಮ್ಮ ಧಾರವಾಡದ ಜಿಟಿಜಿಟಿ ಮಳೆಯನ್ನು ಬಲ್ಲವರು ಯಾವ ಹಲಗೆ ಎಂದು ಕೇಳದೆ ಕೊಳ್ಳಬಾರದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಅರಮನೆಯ ಬೆಂಕಿಯಿಂದ ಪಾಠ ಕಲಿತ ಅದೇ ಮೈಸೂರಿನಲ್ಲಿ 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋ ಹೊತ್ತಿ ಉರಿಯಿತು. ಟೀಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣ ಅಲ್ಲಿ ನಡೆದಿತ್ತು. ಗೋಡೆಗಳಿಗೆ ಹೊದಿಸಿದ್ದು ಬೆಂಕಿ ತಡೆಯುವ ವಸ್ತುವನ್ನಲ್ಲ, ಗೋಣಿತಟ್ಟನ್ನು. ವಿದ್ಯುತ್ ತಂತಿಗಳು ಸಡಿಲವಾಗಿದ್ದವು, ಗಾಳಿ ಹೋಗಲು ಕಿಂಡಿಗಳಿರಲಿಲ್ಲ. 62 ಜನ ಸತ್ತರು. ಅದಕ್ಕೆ ಎಂಟು ವರ್ಷ ಮೊದಲು, 1981ರ ಫೆಬ್ರವರಿ 7ರಂದು, ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಸುಟ್ಟು 92 ಜನ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಾಸ್ತರನಾದವನಿಗೆ ಆ ಸುದ್ದಿ ಮರೆಯುವಂಥದಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯ ಹುಲ್ಲಿನ ಸೂರು ಹೊತ್ತಿ 94 ಮಕ್ಕಳು ತೀರಿಕೊಂಡರು. ಶಾಲೆಗಳಲ್ಲಿ ಅಗ್ನಿಸುರಕ್ಷತೆ ಇರಲೇಬೇಕೆಂದು ಸುಪ್ರೀಂ ಕೋರ್ಟು 2009ರಲ್ಲಿ ಆದೇಶಿಸಿದ್ದು ಇದರ ನಂತರವೇ.

ಒಳ್ಳೆಯ ಹಲಗೆ ಇದ್ದರೆ ಇವರೆಲ್ಲ ಉಳಿಯುತ್ತಿದ್ದರೇ? ಕೆಲವರಾದರೂ ಉಳಿಯುತ್ತಿದ್ದರು ಎಂದು ನನ್ನ ನಂಬಿಕೆ. ಆದರೆ 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತವನ್ನೂ ನೆನೆಯಬೇಕು. ಅದು ಗುಡಿಸಲಲ್ಲ, ಡೇರೆಯಲ್ಲ; ಕಾಂಕ್ರೀಟಿನ ಬಹುಮಹಡಿ ಕಟ್ಟಡ. ಗೋಡೆಗಳು ಸುಡಲಿಲ್ಲ. ವಿದ್ಯುತ್ ತಂತಿ ಹಾಯುವ ಕೊಳವೆದಾರಿಯಲ್ಲಿ ಹೊಗೆ ಮೇಲೇರಿತು, ಹೊರದಾರಿಗಳು ಸಿಗಲಿಲ್ಲ, ಕಿಟಕಿಯಿಂದ ಜಿಗಿದವರೂ ಸೇರಿ 9 ಜನ ಪ್ರಾಣ ಬಿಟ್ಟರು. 2019ರ ಮೇ 24ರಂದು ಸೂರತ್ತಿನ ಕೋಚಿಂಗ್ ಕೇಂದ್ರದಲ್ಲಿ ಮೇಲಂತಸ್ತಿಗೆ ಇದ್ದ ಕಟ್ಟಿಗೆಯ ಮೆಟ್ಟಿಲೇ ಸುಟ್ಟುಹೋಗಿ 22 ವಿದ್ಯಾರ್ಥಿಗಳು ಸತ್ತರು.

ಸೂರತ್ತು ದೂರದ ಊರೆಂದು ಭಾವಿಸಬೇಡಿರಿ. ಇಂದು ಧಾರವಾಡದ ಸಪ್ತಾಪುರದಲ್ಲಿ ಸಂಜೆ ನಡೆದುಹೋದರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹಳ್ಳಿಹಳ್ಳಿಗಳಿಂದ ಬಂದ ಮಕ್ಕಳು ಕೋಚಿಂಗ್ ತರಗತಿಗಳಲ್ಲಿ, ವಾಚನಾಲಯಗಳಲ್ಲಿ, ಪಿ.ಜಿ.ಗಳಲ್ಲಿ ತುಂಬಿರುವುದನ್ನು ಕಾಣುತ್ತೇವೆ. ಅಂಥ ಕಟ್ಟಡಗಳನ್ನು ಕಟ್ಟಿಸುವವರು, ಬಾಡಿಗೆಗೆ ಕೊಡುವವರು, ಅಲ್ಲಿ ಪಾಠ ಹೇಳುವವರು, ಮಕ್ಕಳನ್ನು ಕಳಿಸುವವರು ನಿಮ್ಮಲ್ಲಿಯೇ ಇದ್ದೀರಿ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಲಗೆ ಕೊಳ್ಳುವಾಗ ಅದು ಕ್ಲೋರೈಡಿನದೋ ಸಲ್ಫೇಟಿನದೋ ಕೇಳು. ಎಷ್ಟು ಹೊತ್ತಿನ ತಡೆ, ಯಾವ ಚೌಕಟ್ಟಿನೊಡನೆ ಪರೀಕ್ಷೆಯಾಗಿದೆ ಎಂಬ ಕಾಗದವನ್ನು ಕೈಯಲ್ಲಿ ಹಿಡಿದು ಓದು. ತುಕ್ಕು ಹಿಡಿಯದ ತಿರುಪನ್ನೇ ಬಳಸು. ತಂತಿಗಾಗಿ ಕೊರೆದ ತೂತುಗಳನ್ನು ಬೆಂಕಿ ತಡೆಯುವ ಮೆತ್ತೆಯಿಂದ ಮುಚ್ಚಿಸು. ಇಷ್ಟೆಲ್ಲ ಆದ ಮೇಲೆ ಎರಡನೆಯ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗವಿದೆಯೇ, ಅಲ್ಲಿ ಹಳೆಯ ಕುರ್ಚಿ ಒಟ್ಟಿದ್ದಾರೆಯೇ ಎಂದು ನೋಡಿ ಬಾ. ಸುಡದ ಗೋಡೆ ಕೊಡುವುದು ಒಂದು ಗಂಟೆಯ ಅವಕಾಶ. ಬೀಗ ಹಾಕಿದ ಬಾಗಿಲಿನ ಮುಂದೆ ಆ ಒಂದು ಗಂಟೆಗೆ ಬೆಲೆಯಿಲ್ಲ.