‘ಎಡಿಟ್’ ಅಂತ ಒತ್ತಿದರೆ ಉಳಿದದ್ದು ಒಂದು ‘ಟಿ’

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಬರೀತಿದ್ದೆ. ಒಂದು ಸಗಟು ಅಂಗಡಿಯವರು ಅದನ್ನ ಬಳಸ್ತಿದ್ದರು. ಒಂದು ಸಂಜೆ ಅಲ್ಲಿ ಲೆಕ್ಕ ಬರೆಯುವ ಮೇಡಂ ಫೋನ್ ಮಾಡಿದರು. ಒಬ್ಬ ಗಿರಾಕಿಯ ‘ಷರಾ’ ಅಂಕಣದಲ್ಲಿ ಆರು ತಿಂಗಳಿಂದ ಬರೆದಿಟ್ಟಿದ್ದ ಬಾಕಿಯ ವಿವರವೆಲ್ಲ ಮಾಯ. ಅಲ್ಲಿ ಇದ್ದದ್ದು ಅವತ್ತು ಅವರು ಸೇರಿಸಿದ ಒಂದೇ ಸಾಲು. “ಸರ್, ನಾನು ಏನೂ ಅಳಿಸಿಲ್ಲ. ಬರೆದೆ, ಸೇವ್ ಮಾಡಿದೆ, ಅಷ್ಟೇ” ಅಂದರು. ಹಿಂದೆ ಮಾಲೀಕರು ಕೂಗಾಡ್ತಿದ್ದದ್ದು ನನಗೂ ಕೇಳಿಸ್ತಿತ್ತು. ನಾನು ಮಾತ್ರ, “ನೀವೇ ಎಲ್ಲೋ ತಪ್ಪಾಗಿ ಒತ್ತಿರಬೇಕು ಮೇಡಂ” ಅಂದುಬಿಟ್ಟೆ.

ಆಮೇಲೆ ಕೋಡ್ ತೆಗೆದು ನೋಡಿದೆ. ವಿಂಡೋಸ್‌ನ ಡೈಲಾಗ್ ಪೆಟ್ಟಿಗೆಗಳಲ್ಲಿ ಟ್ಯಾಬ್ ಒತ್ತಿ ಒಂದು ಅಂಕಣಕ್ಕೆ ಬಂದರೆ ಒಳಗಿರೋದೆಲ್ಲ ಸೆಲೆಕ್ಟ್ ಆಗುತ್ತೆ. ಮೌಸಿನಿಂದ ಕ್ಲಿಕ್ ಮಾಡಿದರೆ ಬರೀ ಕರ್ಸರ್ ನಿಲ್ಲುತ್ತೆ. ಮೊತ್ತ, ದಿನಾಂಕದಂಥ ಪುಟ್ಟ ಅಂಕಣಗಳಿಗೆ ಟ್ಯಾಬ್‌ನ ಈ ಗುಣ ವರದಾನ. ನಾನು ಅದನ್ನೇ ‘ಷರಾ’ಗೂ ಹಾಕಿದ್ದೆ. ಮೇಡಂ ಟ್ಯಾಬ್ ಒತ್ತಿ ಬಂದರು, ಮೊದಲ ಅಕ್ಷರ ಒತ್ತಿದರು, ಆರು ತಿಂಗಳು ಹೋಯಿತು. ಅವರು ಹೇಳಿದ್ದು ಅಕ್ಷರಶಃ ನಿಜ: ಅವರು ಅಳಿಸಿರಲಿಲ್ಲ, ಬರೆದಿದ್ದರು.

ಇದೇ ದೂರು ಐವತ್ತು ವರ್ಷ ಹಿಂದೆ ಕ್ಯಾಲಿಫೋರ್ನಿಯಾದಲ್ಲೂ ಇತ್ತು ಅಂತ ತಿಳಿದದ್ದು ಬಹಳ ದಿನಗಳ ನಂತರ.

1968ರ ಡಿಸೆಂಬರ್‌ನಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಮೌಸ್ ಹಿಡಿದು ಪರದೆಯ ಮೇಲೆ ಪದಗಳನ್ನ ಅತ್ತಿತ್ತ ಸರಿಸಿ ತೋರಿಸಿದರು. ಅವರ ವ್ಯವಸ್ಥೆಯಲ್ಲಿ ಮೊದಲು ಆಜ್ಞೆ ಕೊಡಬೇಕು, ಆಮೇಲೆ ಯಾವ ಪದ ಅಂತ ತೋರಿಸಬೇಕು. “ಅಳಿಸು. ಯಾವುದನ್ನ? ಇದನ್ನ.” ನಾವು ಈಗ ಮಾಡೋದಕ್ಕೆ ಪೂರ್ತಿ ಉಲ್ಟಾ.

1974ರ ಹೊತ್ತಿಗೆ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ‘ಬ್ರಾವೋ’ ಅನ್ನೋ ಎಡಿಟರ್ ಮಾಡಿದರು. ಪುಟ ಮುದ್ರಣದಲ್ಲಿ ಹೇಗೆ ಬರುತ್ತೋ ಪರದೆಯಲ್ಲೂ ಹಾಗೇ ತೋರಿಸಿದ ಮೊದಲ ಪ್ರೋಗ್ರಾಂಗಳಲ್ಲಿ ಅದೂ ಒಂದು. ಆದರೆ ಅದಕ್ಕೆ ‘ಮೋಡ್’ಗಳಿದ್ದವು. ಆಜ್ಞೆಯ ಮೋಡ್‌ನಲ್ಲಿ ಕೀಲಿ ಒತ್ತಿದರೆ ಅದು ಅಕ್ಷರ ಅಲ್ಲ, ಹುಕುಂ. ಯಾರೋ ಮೈಮರೆತು ‘ಎಡಿಟ್’ ಅಂತ ಟೈಪ್ ಮಾಡಿದರು ಅಂತಿಟ್ಟುಕೊಳ್ಳಿ. ‘ಇ’ ಅಂದರೆ ಎಲ್ಲವನ್ನೂ ಆರಿಸು. ‘ಡಿ’ ಅಂದರೆ ಅಳಿಸು. ‘ಐ’ ಅಂದರೆ ಸೇರಿಸು. ಕೊನೆಗೆ ಸೇರಿದ್ದು ‘ಟಿ’. ಇಡೀ ದಾಖಲೆ ಹೋಗಿ ಒಂದೇ ಒಂದು ‘ಟಿ’ ಉಳಿಯುತ್ತಿತ್ತು!

ಅದೇ ಪಾರ್ಕ್‌ನಲ್ಲಿ ಲ್ಯಾರಿ ಟೆಸ್ಲರ್ ಅನ್ನೋರು ಇದ್ದರು. ಮೋಡ್ ಕಂಡರೆ ಅವರಿಗೆ ಆಗ್ತಿರಲಿಲ್ಲ. ಎಷ್ಟು ಅಂದರೆ ಅವರ ಕಾರಿನ ನಂಬರ್ ಪ್ಲೇಟೇ ‘ನೋ ಮೋಡ್ಸ್’. ಜೆರಾಕ್ಸ್ ಒಡೆತನದ ‘ಗಿನ್’ ಅನ್ನೋ ಪಠ್ಯಪುಸ್ತಕ ಪ್ರಕಾಶನಕ್ಕೆ ಒಂದು ಎಡಿಟರ್ ಬೇಕಾಗಿತ್ತು. ಟೆಸ್ಲರ್ ಜೊತೆ ಕೆಲಸ ಮಾಡ್ತಿದ್ದ ಟಿಮ್ ಮಾಟ್ ಅಲ್ಲಿನ ಸಂಪಾದಕರನ್ನ ಖಾಲಿ ಪರದೆಯ ಮುಂದೆ ಕೂರಿಸಿ, ‘ನೀವು ತಿದ್ದೋದು ಹೇಗೆ, ಹೇಳಿ’ ಅಂತ ಕೇಳಿದರಂತೆ. ಅವರ ಕೆಲಸ ಅಂದರೆ ಪೆನ್ಸಿಲ್, ಕತ್ತರಿ, ಗೋಂದು. ಗೀಟು ಹಾಕು, ಕತ್ತರಿಸು, ಅಂಟಿಸು.

ಹಾಗೆ ಹುಟ್ಟಿದ್ದು ‘ಜಿಪ್ಸಿ’. ಎರಡು ಅಕ್ಷರಗಳ ನಡುವೆ ಕ್ಲಿಕ್ ಮಾಡಿ, ಸುಮ್ಮನೆ ಬರೆಯಿರಿ. ಒತ್ತಿ ಹಿಡಿದು ಎಳೆಯಿರಿ, ಸೆಲೆಕ್ಟ್ ಆಗುತ್ತೆ. ಎರಡು ಸಲ ಕ್ಲಿಕ್ ಮಾಡಿದರೆ ಇಡೀ ಪದ. ಮೊದಲು ಯಾವುದು ಅಂತ ತೋರಿಸು, ಆಮೇಲೆ ಏನು ಮಾಡಬೇಕು ಅಂತ ಹೇಳು. 1980ರಲ್ಲಿ ಟೆಸ್ಲರ್ ಆ್ಯಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಮೂಲಕ ಈ ಪದ್ಧತಿ ಲೋಕಕ್ಕೆಲ್ಲ ಹರಡಿತು. ಜನ ಮೌಸ್ ಬಳಸಲೇಬೇಕು ಅಂತ ಮೊದಲ ಮ್ಯಾಕಿಂಟಾಷ್ ಕೀಬೋರ್ಡಿನಲ್ಲಿ ಬಾಣದ ಕೀಲಿಗಳನ್ನೇ ಇಟ್ಟಿರಲಿಲ್ಲ!

ಮೋಡ್ ಹೋಯಿತು ಅಂದುಕೊಂಡೆವು. ನಿಜವಾಗಿ ಹೋಯಿತಾ?

ಮ್ಯಾಕಿಂಟಾಷ್ ಯೋಜನೆ ಶುರು ಮಾಡಿದ ಜೆಫ್ ರಾಸ್ಕಿನ್, 2000ದಲ್ಲಿ ಬಂದ ತಮ್ಮ ‘ದ ಹ್ಯೂಮೇನ್ ಇಂಟರ್‌ಫೇಸ್’ ಪುಸ್ತಕದಲ್ಲಿ ಇದನ್ನ ಚರ್ಚಿಸುತ್ತಾರೆ. ಒಂದೇ ಕೀಲಿಗೆ ಎರಡು ಅರ್ಥ ಇದ್ದು, ಈಗ ಯಾವ ಅರ್ಥ ನಡೀತಿದೆ ಅನ್ನೋದು ನಮ್ಮ ಗಮನದಲ್ಲಿ ಇಲ್ಲದಿದ್ದರೆ, ಅದು ಮೋಡ್. ಈ ಲೆಕ್ಕಕ್ಕೆ ಸೆಲೆಕ್ಷನ್ ಕೂಡ ಒಂದು ಮೋಡೇ. ಏನೂ ಸೆಲೆಕ್ಟ್ ಆಗದಿದ್ದಾಗ ಅಕ್ಷರ ಸೇರುತ್ತೆ, ಆಗಿದ್ದಾಗ ಅದೇ ಕೀಲಿ ಇದ್ದದ್ದನ್ನ ಒರೆಸಿಹಾಕುತ್ತೆ. ಮೌಸಿನಿಂದ ನಾವೇ ಎಳೆದು ಸೆಲೆಕ್ಟ್ ಮಾಡಿದರೆ ನಮಗೆ ಗೊತ್ತಿರುತ್ತೆ. ಪ್ರೋಗ್ರಾಂ ತಾನಾಗಿ ಮಾಡಿದರೆ? ಮೇಡಂ ಕಣ್ಣು ಆಗ ಪರದೆಯ ಮೇಲಿರಲಿಲ್ಲ, ಕೈಯಲ್ಲಿದ್ದ ರಸೀದಿಯ ಮೇಲಿತ್ತು.

ಫೋಕಸ್ ಕಥೆಯೂ ಇದೇ. ವಿಂಡೋಸ್ 95ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಧುತ್ತನೆ ಮುಂದೆ ಬಂದು ನಿಮ್ಮ ಟೈಪಿಂಗನ್ನ ಕಸಿದುಕೊಳ್ಳಬಹುದಿತ್ತು. ವಿಂಡೋಸ್ 98 ಮತ್ತು 2000ದಿಂದ ಅದಕ್ಕೆ ಕಡಿವಾಣ ಬಿತ್ತು. ಹಿಂದಿರುವ ಪ್ರೋಗ್ರಾಂಗೆ ಮುಂದೆ ನುಗ್ಗೋ ಅಧಿಕಾರ ಇಲ್ಲದಿದ್ದರೆ ಕೆಳಗಿನ ಪಟ್ಟಿಯಲ್ಲಿ ಅದರ ಬಟನ್ ಮಿನುಗುತ್ತೆ, ಅಷ್ಟೇ. “ನನಗೆ ಸ್ವಲ್ಪ ಕೆಲಸ ಇದೆ, ಪುರುಸೊತ್ತಾದಾಗ ನೋಡಿ” ಅಂದ ಹಾಗೆ.

ನಾನು ಮಾಡಿದ್ದು ಒಂದೇ ಸಾಲಿನ ತಿದ್ದುಪಡಿ: ಉದ್ದದ ಅಂಕಣಕ್ಕೆ ಬಂದರೆ ಏನೂ ಸೆಲೆಕ್ಟ್ ಆಗಬಾರದು, ಕರ್ಸರ್ ಕೊನೆಗೆ ಹೋಗಿ ನಿಲ್ಲಬೇಕು. ಅದನ್ನ ಹಾಕಲು ನಾನೇ ಅಂಗಡಿಗೆ ಹೋದೆ. ಮಾಲೀಕರ ಎದುರೇ, “ತಪ್ಪು ನಂದು ಸರ್, ಮೇಡಂದಲ್ಲ” ಅಂದೆ. ಅವರು ಹೂಂ ಅಂದರು. ಮೇಡಂ ಏನೂ ಅನ್ನಲಿಲ್ಲ, ಕಾಫಿ ತರಿಸಿದರು. ಕೀಬೋರ್ಡ್ ಪಕ್ಕದಲ್ಲಿ ಹೊಸದೊಂದು ನೋಟ್‌ಬುಕ್ ಇತ್ತು. ನಾನು ಅದನ್ನೇ ನೋಡ್ತಿರೋದು ಕಂಡು, “ಇರಲಿ ಸರ್, ಇನ್ಮೇಲೆ ಇದರಲ್ಲೂ ಒಂದು ಸಲ ಬರೆದಿಡ್ತೀನಿ” ಅಂದರು.

ಟೆಸ್ಲರ್ 2020ರ ಫೆಬ್ರವರಿಯಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಟ್, ಕಾಪಿ, ಪೇಸ್ಟ್ ಕೊಟ್ಟವರು ಅಂತ ಪತ್ರಿಕೆಗಳೆಲ್ಲ ಬರೆದವು. ನನಗೆ ಮಾತ್ರ ಅವತ್ತು ನೆನಪಾದದ್ದು ಆ ನೋಟ್‌ಬುಕ್.