ಜೀಪಿನೊಳಗೊಂದು ಬಾನುಲಿ ಕೇಂದ್ರ

ಬೀದರ್‌ನಿಂದ ಔರಾದ್‌ಗೆ ಹೋಗುವ ರಸ್ತೆ ಮಾಂಜ್ರಾ ನದಿಯನ್ನು ದಾಟಿ ಸಂತಪುರದ ಮೂಲಕ ಸಾಗುತ್ತದೆ. ಈ ಭಾಗದಲ್ಲಿ ಓಡುವ ಹಳೆಯ ಜೀಪು, ಕ್ರೂಸರ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಸಿಗರೇಟು ಹೊತ್ತಿಸಲೆಂದು ಕೊಟ್ಟಿರುವ ತೂತು ಒಂದಿರುತ್ತದೆ. ಸಿಗರೇಟು ಹೊತ್ತಿಸಲು ಅದನ್ನು ಯಾರೂ ಬಳಸುವುದಿಲ್ಲ. ಅಲ್ಲಿ ಬೆರಳುದ್ದದ ಸಾಧನವೊಂದು ಸಿಕ್ಕಿಕೊಂಡಿರುತ್ತದೆ. ಅದರ ಬಾಯಿಗೆ ಪೆನ್‌ಡ್ರೈವ್ ಚುಚ್ಚಿ, ಅದರ ಪುಟ್ಟ ಪರದೆಯಲ್ಲಿ 87.5 ಎಂದೋ 90.0 ಎಂದೋ ಅಂಕಿ ಹೊಂದಿಸಿ, ಗಾಡಿಯ ರೇಡಿಯೋವನ್ನೂ ಅದೇ ಅಂಕಿಗೆ ತಿರುಗಿಸಿದರೆ ಸಾಕು, ಹಾಡು ಶುರು. ಕನ್ನಡದ ವಚನ, ಮರಾಠಿ ಅಭಂಗ, ಉರ್ದು ಕವ್ವಾಲಿ, ಹಿಂದಿ ಸಿನಿಮಾ ಹಾಡು, ಎಲ್ಲವೂ ಒಂದೇ ಪೆನ್‌ಡ್ರೈವ್‌ನಲ್ಲಿ. ಗಡಿನಾಡಿನ ಗಾಡಿಗೆ ಅದು ಸಹಜವೇ.

ಹಾಡು ರೇಡಿಯೋದಿಂದ ಬರುತ್ತಿದೆ ಎಂಬುದು ನಿಜ. ಆದರೆ ಅದನ್ನು ಪ್ರಸಾರ ಮಾಡುತ್ತಿರುವ ಕೇಂದ್ರ ಗಾಡಿಯೊಳಗೇ ಇದೆ. ಎಫ್.ಎಂ. ಟ್ರಾನ್ಸ್‌ಮಿಟರ್ ಎಂಬ ಈ ಸಾಧನ ಕೆಲಸದಲ್ಲಿ ಆಕಾಶವಾಣಿಯ ಗೋಪುರಕ್ಕಿಂತ ಬೇರೆಯಲ್ಲ. ಅದು ಧ್ವನಿಯನ್ನು ತೆಗೆದುಕೊಂಡು, ರೇಡಿಯೋ ತರಂಗದ ಆವರ್ತನವನ್ನು ಆ ಧ್ವನಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಗಾಳಿಗೆ ಬಿಡುತ್ತದೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇದು. ವ್ಯತ್ಯಾಸವಿರುವುದು ಶಕ್ತಿಯಲ್ಲಿ. ಗೋಪುರದ್ದು ಸಾವಿರಾರು ವ್ಯಾಟ್, ಇದರದ್ದು ವ್ಯಾಟಿನ ಅತಿ ಸಣ್ಣ ತುಣುಕು. ಹತ್ತಾರು ಮೀಟರ್ ದಾಟಿದರೆ ದನಿ ಕರಗಿಹೋಗುತ್ತದೆ. ಪಕ್ಕದಲ್ಲೇ ಸಾಗುವ ಇನ್ನೊಂದು ಗಾಡಿಯ ರೇಡಿಯೋ ಅದೇ ಅಂಕಿಯಲ್ಲಿದ್ದರೆ, ಅರೆಗಳಿಗೆ ಅಲ್ಲಿಯೂ ಇದೇ ಹಾಡು ಕೇಳಿಸಿ ಮಾಯವಾದೀತು.

ಇಂಥದೊಂದು ವಸ್ತು ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವುದು ಸಣ್ಣ ಸಂಗತಿಯಲ್ಲ. ಏಕೆಂದರೆ ಈ ದೇಶದಲ್ಲಿ ಗಾಳಿಗೆ ಧ್ವನಿ ಬಿಡುವ ಹಕ್ಕು ಬಹುಕಾಲ ಸರ್ಕಾರದ್ದೇ ಆಗಿತ್ತು. 1885ರ ತಂತಿ ಕಾಯ್ದೆ ಆ ಹಕ್ಕನ್ನು ಸರ್ಕಾರಕ್ಕೆ ಮೀಸಲಿಟ್ಟಿತು. 1933ರ ನಿಸ್ತಂತು ಕಾಯ್ದೆ ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದನ್ನೂ ಅಪರಾಧವಾಗಿಸಿತು. ಪ್ರಸಾರ ಮಾಡುವುದು ಹಾಗಿರಲಿ, ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. 1980ರ ದಶಕದವರೆಗೂ ರೇಡಿಯೋ ಇದ್ದವರು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

ಸಂಸ್ಥಾನಗಳ ಕಾಲದಲ್ಲಿ ಮಾತ್ರ ಸ್ವಲ್ಪ ಸಡಿಲವಿತ್ತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಒಬ್ಬ ಮೇಷ್ಟರ ಮನೆಯಿಂದ ಹುಟ್ಟಿದ ಹೆಸರು ಎಂಬುದನ್ನು ನಾವು ಬೇಗ ಮರೆತಿದ್ದೇವೆ.

ಬೀದರ್ ಸೀಮೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯೂ ಖಾಸಗಿಯಾಗಿ ಆರಂಭವಾದ ಕೇಂದ್ರವನ್ನು ನಿಜಾಮ ಸರ್ಕಾರ ವಶಕ್ಕೆ ತೆಗೆದುಕೊಂಡು ಡೆಕ್ಕನ್ ರೇಡಿಯೋ ಎಂದು ನಡೆಸಿತು. ಉರ್ದುವಿಗೆ ಅಲ್ಲಿ ಅಗ್ರಸ್ಥಾನ. 1948ರ ಸೆಪ್ಟೆಂಬರ್ 17ರಂದು ತನ್ನ ಸೇನೆ ಹೋರಾಟ ನಿಲ್ಲಿಸಿದೆ ಎಂಬುದನ್ನು ನಿಜಾಮ ಜನರಿಗೆ ತಿಳಿಸಿದ್ದು ಇದೇ ಕೇಂದ್ರದ ಮೂಲಕ. 1950ರಲ್ಲಿ ಅದು ಆಕಾಶವಾಣಿಯೊಳಗೆ ಸೇರಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂದರೂ, ಹತ್ತಿರದ ಕನ್ನಡ ಕೇಂದ್ರಕ್ಕಾಗಿ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಗುಲ್ಬರ್ಗ ಕೇಂದ್ರ ಆರಂಭವಾದದ್ದು 1966ರಲ್ಲಿ. ಅಷ್ಟರಲ್ಲಿ ಊರೂರುಗಳಲ್ಲಿ ಹೈದರಾಬಾದಿನ ಉರ್ದು ಮತ್ತು ತೆಲುಗು, ಬುಧವಾರ ರಾತ್ರಿಯ ರೇಡಿಯೋ ಸಿಲೋನ್‌ನ ಹಿಂದಿ ಹಾಡುಗಳು ಬೇರೂರಿದ್ದವು. ರಾಜ್ಯದ ಗಡಿಯನ್ನು ನಕ್ಷೆಯಲ್ಲಿ ಎಳೆಯಬಹುದು, ಗಾಳಿಯಲ್ಲಿ ಎಳೆಯುವುದು ಹೇಗೆ?

ಗುಲ್ಬರ್ಗದ್ದು ಮಧ್ಯಮ ತರಂಗ. ಅದು ನೆಲದ ಗುಂಟ ದೂರದವರೆಗೆ ಹರಿಯುತ್ತದೆ. ಗೊರಗೊರ ಸದ್ದಿನ ಜೊತೆಗಾದರೂ ಕೇಳಿಸುತ್ತದೆ. ಎಫ್.ಎಂ. ಹಾಗಲ್ಲ. ಅದು ಸ್ವಚ್ಛ, ಆದರೆ ಬಹುಪಾಲು ಕಣ್ಣಳತೆಯ ನೇರದಲ್ಲೇ ಸಾಗುತ್ತದೆ. ನೂರು ಮೀಟರ್ ಎತ್ತರದ ಗೋಪುರಕ್ಕೆ ದಿಗಂತವಿರುವುದು ಸುಮಾರು 40 ಕಿ.ಮೀ. ದೂರದಲ್ಲಿ. ಅಲ್ಲಿಂದಾಚೆ ದನಿ ಬೇಗ ಸೋಲುತ್ತದೆ. ದೇಶದ ಮೊದಲ ಎಫ್.ಎಂ. ಪ್ರಸಾರ 1977ರಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು. ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರಲ್ಲಿ ಬೆಂಗಳೂರಿಗೆ ಬಂತು. ಮುಂದಿನ ವರ್ಷಗಳಲ್ಲಿ ಹೈದರಾಬಾದ್, ಕಲಬುರಗಿಗಳಿಗೂ ಖಾಸಗಿ ಕೇಂದ್ರಗಳು ಬಂದವು. ಬೀದರ್‌ನಿಂದ ಎರಡೂ ನೂರು ಕಿ.ಮೀ.ಗೂ ದೂರ. ಹೀಗಾಗಿ ನಗರಗಳಲ್ಲಿ ಎಫ್.ಎಂ. ಗಿಜಿಗುಡುತ್ತಿದ್ದಾಗ ಸಂತಪುರದ ಕಡೆಯ ಗಾಡಿಗಳ ರೇಡಿಯೋದಲ್ಲಿ 88ರಿಂದ 108ರವರೆಗೆ ಮುಳ್ಳು ತಿರುಗಿಸಿದರೆ ಬಹುಪಾಲು ಬರಿಯ ಸುಯ್ಯೆಂಬ ಸದ್ದು.

ಆ ಬರಿದು ಜಾಗವೇ ಈ ಸಾಧನಕ್ಕೆ ವರವಾಯಿತು. ಎಫ್.ಎಂ. ರೇಡಿಯೋಗೆ ಒಂದು ವಿಚಿತ್ರ ಗುಣವಿದೆ. ಒಂದೇ ಅಂಕಿಯಲ್ಲಿ ಎರಡು ದನಿಗಳು ಬಂದರೆ ಅದು ಅವನ್ನು ಬೆರೆಸುವುದಿಲ್ಲ. ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಕೈಬಿಡುತ್ತದೆ. ಬೆಂಗಳೂರಿನಲ್ಲಿ ಈ ಪುಟ್ಟ ಸಾಧನಕ್ಕೆ ಖಾಲಿ ಅಂಕಿ ಹುಡುಕುವುದೇ ಕಷ್ಟ. ಔರಾದ್ ರಸ್ತೆಯಲ್ಲಿ ಅದಕ್ಕೆ ಎದುರಾಳಿಯೇ ಕಡಿಮೆ. ಪೇಟೆಯವರಿಗಾಗಿ ಮಾಡಿದ ವಸ್ತು ಹಳ್ಳಿಯಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡುವ ಅಪರೂಪದ ಉದಾಹರಣೆ ಇದು.

ಗಾಡಿಗೆ ಹಾಡು ಬಂದ ದಾರಿಯೂ ಉದ್ದದ್ದೇ. ಮೊಟೊರೋಲಾ ಹೆಸರಿನ ಕಾರ್ ರೇಡಿಯೋ ಅಮೆರಿಕದಲ್ಲಿ 1930ರಲ್ಲಿ ಬಂತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್, ಎಂಬತ್ತರ ದಶಕದಲ್ಲಿ ನಮ್ಮ ಲಾರಿ, ಜೀಪುಗಳನ್ನು ಹೊಕ್ಕಿತು. ಚಾಲಕ ತನಗೆ ಬೇಕಾದ ಹಾಡು ಹಾಕಿಕೊಳ್ಳುವಂತಾದದ್ದು ಆಗಲೇ. ಮುಂದೆ ಹಾಡು ಮೆಮೊರಿ ಕಾರ್ಡಿಗೆ ಬಂತು. ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಹಾಡು ತುಂಬಿಸಿಕೊಳ್ಳುವ ಪದ್ಧತಿ ಬೆಳೆಯಿತು. (ಹಕ್ಕುಸ್ವಾಮ್ಯದ ಮಾತು ಅಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.) ಆದರೆ ಗಾಡಿಯ ಸೆಟ್ಟು ಹಳೆಯದು. ಅದಕ್ಕೆ ಪೆನ್‌ಡ್ರೈವ್ ಚುಚ್ಚುವ ಕಿಂಡಿ ಇಲ್ಲ, ಬ್ಲೂಟೂತ್ ಇಲ್ಲ. ಸೆಟ್ಟು ಬದಲಿಸಲು ಸಾವಿರಾರು ರೂಪಾಯಿ ಬೇಕು. ರೇಡಿಯೋವನ್ನೇ ನಂಬಿಸಿ ಹಾಡಿಸುವ ಈ ಉಪಾಯ ಅಗ್ಗವಾಗಿತ್ತು. ಎಂಜಿನ್ನಿನ ಕುಂಯ್‌ಗುಡುವಿಕೆ ಒಮ್ಮೊಮ್ಮೆ ಹಾಡಿನೊಳಗೆ ನುಸುಳುವುದನ್ನು ಸಹಿಸಿಕೊಂಡರಾಯಿತು.

ಬ್ರಿಟನ್ನಿನಲ್ಲಿ ಇಂಥ ಸಾಧನಗಳ ಬಳಕೆ 2006ರ ಡಿಸೆಂಬರ್‌ವರೆಗೂ ಕಾನೂನುಬಾಹಿರವಾಗಿತ್ತು. ಆಮೇಲೆ ವ್ಯಾಟಿನ ನೂರು ಕೋಟಿಯ 50 ಭಾಗದಷ್ಟು ಶಕ್ತಿಗೆ ಮಿತಿ ಹಾಕಿ ಬಿಟ್ಟುಕೊಟ್ಟರು. ಅಮೆರಿಕದಲ್ಲಿ ಸುಮಾರು 60 ಮೀಟರ್ ಆಚೆಗೆ ಕೇಳದಷ್ಟು ಕ್ಷೀಣವಾಗಿದ್ದರೆ ಲೈಸೆನ್ಸ್ ಬೇಡ. ನಮ್ಮಲ್ಲಿ ಇದು ದೊಡ್ಡ ಚರ್ಚೆಯಾಗದೆ ಅಂಗಡಿಯಿಂದ ಗಾಡಿಗೆ ಬಂದು ಕುಳಿತಿತು.

ಅದೇ ಕಾಲದಲ್ಲಿ ಇದಕ್ಕಿಂತ ಸ್ವಲ್ಪವೇ ದೊಡ್ಡ ಕನಸು ಕಂಡವರ ಕಥೆ ಬೇರೆ. ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತ್ತು. ಆ ಮಾತನ್ನು ನಂಬಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಕೇಂದ್ರ ತಲೆಯೆತ್ತಿತು. ಹಳ್ಳಿಯ ಹೆಂಗಸರು, ಯುವಕರು ಬೆಳೆ, ನೀರು, ಆರೋಗ್ಯದ ಬಗ್ಗೆ ತಾವೇ ಕಾರ್ಯಕ್ರಮ ಮಾಡಿದರು. ಗಾಳಿಯಲ್ಲಿ ಬಿಡಲು ಅನುಮತಿ ಇರಲಿಲ್ಲ. ಕೊನೆಗೆ ಟಿ.ವಿ. ಕೇಬಲ್ ತಂತಿಯಲ್ಲಿ ಮನೆಮನೆಗೆ ಕಳಿಸಬೇಕಾಯಿತು. ಬಿಹಾರದ ಮನ್ಸೂರ್‌ಪುರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಯುವಕನೊಬ್ಬ ಸುಮಾರು 50 ರೂಪಾಯಿ ಖರ್ಚಿನಲ್ಲಿ ಕಟ್ಟಿದ್ದೆಂದು ವರದಿಯಾದ ಎಫ್.ಎಂ. ಕೇಂದ್ರ ಊರಿನವರ ಅಚ್ಚುಮೆಚ್ಚಾಗಿತ್ತು. ಲೈಸೆನ್ಸ್ ಇಲ್ಲವೆಂದು 2006ರಲ್ಲಿ ಅದು ಮುಚ್ಚಿತು. ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. ಅದಕ್ಕೆ ಮೊದಲು, 2002ರಿಂದ, ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಆ ಭಾಗ್ಯವಿತ್ತು.

ವಿಪರ್ಯಾಸ ಇಲ್ಲಿದೆ. ಜೀಪಿನೊಳಗಿನ ಕೇಂದ್ರ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಅದರ ದನಿ ಜೀಪಿನ ಬಾಗಿಲು ದಾಟದು ಎಂಬುದಕ್ಕೆ. ಅದು ಬರೀ ಬೇರೆಯವರ ಹಾಡು ಒಪ್ಪಿಸುತ್ತದೆ. ಸೋಯಾ, ತೊಗರಿಯ ಧಾರಣೆ ಹೇಳುವುದಿಲ್ಲ. ಕರೆಂಟು ಹೋದದ್ದನ್ನು ಪ್ರಶ್ನಿಸುವುದಿಲ್ಲ. ಊರಿನ ಸುದ್ದಿ ಊರಿಗೆ ಹೇಳಬಲ್ಲ ಕೇಂದ್ರವಾಗಿದ್ದರೆ ಕಾಯ್ದೆಯ ಕಲಮುಗಳು ನೆನಪಾಗುತ್ತಿದ್ದವು. ಬಾನುಲಿ ಬಾರದ ಸೀಮೆಯಲ್ಲಿ ಚಾಲಕರು ತಮ್ಮ ಹಾಡನ್ನು ತಾವೇ ತಂದುಕೊಂಡರು. ಸೀಮೆಯ ಮಾತಿಗೆ ಮಾತ್ರ ಅಂಥ ಅಗ್ಗದ ಉಪಾಯ ಸಿಗಲಿಲ್ಲ.

1885 ಮತ್ತು 1933ರ ಕಾಯ್ದೆಗಳ ಜಾಗದಲ್ಲಿ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ತಂದಿತು. 2024ರ ಆಗಸ್ಟ್‌ನಲ್ಲಿ, ಖಾಸಗಿ ಎಫ್.ಎಂ. ಇನ್ನೂ ತಲುಪದ 234 ಊರುಗಳಿಗೆ ವಾಹಿನಿಗಳನ್ನು ಹರಾಜು ಹಾಕಲು ಕೇಂದ್ರ ಸಂಪುಟ ಒಪ್ಪಿತು. ಆ ಪಟ್ಟಿಯಲ್ಲಿ ಬೀದರ್ ಕೂಡ ಇತ್ತು. ಹೊಸ ಗಾಡಿಗಳಿಗೆ ಬ್ಲೂಟೂತ್ ಬಂದಿದೆ. ತೂತಿನ ಸಾಧನ ಹಳೆಯ ಗಾಡಿಗಳಿಗೆ ಸೀಮಿತವಾಗುತ್ತಿದೆ. ಅಂಥ ಗಾಡಿ ಬೀದರ್‌ನಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೈದರಾಬಾದಿಗೆ ಸಮೀಪಿಸಿದಂತೆ, 91.1ರಲ್ಲೋ 98.3ರಲ್ಲೋ ಹೊಂದಿಸಿದ್ದ ಹಾಡಿನ ನಡುವೆ ತೆಲುಗು ಜಾಹೀರಾತು ತೂರಿಕೊಳ್ಳತೊಡಗುತ್ತದೆ. ಸ್ವಲ್ಪ ದೂರ ಎರಡೂ ಗುದ್ದಾಡಿ, ಕೊನೆಗೆ ನಗರದ ಗೋಪುರವೇ ಗೆಲ್ಲುತ್ತದೆ. ಚಾಲಕ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದರಿಂದ ಖಾಲಿ ಅಂಕಿ ಹುಡುಕತೊಡಗುತ್ತಾನೆ.